ತೇಲುವ ಲೋಕದ ಚಿತ್ರಗಳು



ನಮ್ಮ ಈಸ್ಟ್ ಹ್ಯಾಮ್‌ನಲ್ಲಿ ಡಿಸ್ಟ್ರಿಕ್ಟ್ ಲೈನ್ ಹತ್ತಿದರೆ ಎಲ್ಲೂ ಟ್ರೈನ್ ಬದಲಿಸದೆ ಸೌತ್ ಕೆನ್ಸಿಂಗ್ಟನ್‌ನಲ್ಲಿ ಇಳಿಯಬಹುದು. ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಜಪಾನಿನ ಮರದಚ್ಚಿನ ಚಿತ್ರಗಳ ದೊಡ್ಡ ಸಂಗ್ರಹವಿದೆ. ಬೆಳಕಿಗೆ ಬಣ್ಣ ಮಾಸುವುದರಿಂದ ಸ್ವಲ್ಪ ಸ್ವಲ್ಪವೇ ಬದಲಿಸಿ ಇಡುತ್ತಾರೆ. ಟಿಕೆಟ್ ಇಲ್ಲ.

ಇವಕ್ಕೆ 'ಉಕಿಯೊ-ಎ' ಎಂದು ಹೆಸರು. 'ಎ' ಎಂದರೆ ಚಿತ್ರ. 'ಉಕಿಯೊ' ಎಂದರೆ ಮೊದಲು ಬೌದ್ಧರ ಅರ್ಥದಲ್ಲಿ ದುಃಖದ ಸಂಸಾರ. 17ನೇ ಶತಮಾನದ ಪಟ್ಟಣಿಗರು ಉಚ್ಚಾರ ಹಾಗೇ ಇಟ್ಟು, ಬರೆಯುವ ಅಕ್ಷರ ಬದಲಿಸಿ, 'ತೇಲುವ ಲೋಕ' ಎಂದು ಮಾಡಿಕೊಂಡರು. ಸಂಸಾರ ನೀರ್ಗುಳ್ಳೆ ಎಂದರೆ ನಮ್ಮವರಿಗೆ ವೈರಾಗ್ಯ ಬರುತ್ತದೆ. ಇವರು, ಹಾಗಾದರೆ ಇವತ್ತೇ ನಾಟಕ ನೋಡಿಬಿಡೋಣ ಎಂದರು! ಕಬುಕಿ ನಟರು, ಸುಮೊ ಜಟ್ಟಿಗಳು, ಹೂವು ನೋಡಲು ಹೊರಟ ಹೆಂಗಸರು, ಎಲ್ಲ ಅಚ್ಚಾಗಿ ಅಗ್ಗಕ್ಕೆ ಮಾರಾಟವಾದವು. ನಮ್ಮ ಸಿನಿಮಾ ಪೋಸ್ಟರ್ ಇದ್ದ ಹಾಗೆ.

ನನ್ನಂಥ ಇಂಜಿನಿಯರ್‌ಗೆ ಇಷ್ಟವಾಗಿದ್ದು ಮಾಡುವ ವಿಧಾನ. ಕಲಾವಿದ ತೆಳು ಕಾಗದದಲ್ಲಿ ಬರೆದದ್ದನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ ಕೆತ್ತುತ್ತಾರೆ. ಮೂಲ ಚಿತ್ರ ಅಲ್ಲೇ ನಾಶ. 1765ರ ಸುಮಾರಿಗೆ ಪೂರ್ತಿ ಬಣ್ಣದ ಮುದ್ರಣ ಬಂತು, ಬಣ್ಣಕ್ಕೊಂದು ಹಲಗೆ. ಪ್ರತಿ ಹಲಗೆಯ ಅಂಚಿನಲ್ಲಿ 'ಕೆಂತೊ' ಎಂಬ ಎರಡು ಗುರುತು ಕೊರೆದಿರುತ್ತಾರೆ. ಕಾಗದವನ್ನು ಅದಕ್ಕೆ ತಾಗಿಸಿ ಇಟ್ಟರೆ ಬಣ್ಣ ಗೆರೆ ದಾಟುವುದಿಲ್ಲ.

ಒಂದು ಚಿತ್ರದಲ್ಲಿ ಭಾರಿ ರೇಷ್ಮೆ ಉಡುಪಿನ ಹೆಂಗಸನ್ನು ನೋಡಿ ಏಳು ವರ್ಷದ ನನ್ನ ಮಗಳು, "ಅಪ್ಪಾ, ಇವಳು ರಾಣಿನಾ?" ಎಂದಳು. ಹೂಂ ಎಂದುಬಿಟ್ಟೆ. ಆಮೇಲೆ ಓದಿದರೆ, ಅವಳು ಎದೊ ನಗರದ ಯೋಶಿವಾರದವಳು. ಎದೊ ಎಂದರೆ ಇಂದಿನ ಟೋಕಿಯೊ. ಯೋಶಿವಾರ ಸರ್ಕಾರದ ಪರವಾನಗಿ ಇದ್ದ ವೇಶ್ಯಾಕೇರಿ. ಸುತ್ತ ಕಂದಕ, ಒಂದೇ ದೊಡ್ಡ ಬಾಗಿಲು. ಬಡ ತಂದೆತಾಯಿ ಮುಂಗಡ ಹಣ ಪಡೆದು ಕಳಿಸಿದ ಹುಡುಗಿಯರು ಸಾಲ ತೀರುವವರೆಗೆ ಅಲ್ಲೇ. ಮುಚ್ಚಿದ್ದು 1958ರಲ್ಲಿ. (ಬೆರಳು ತೋರಿಸುವ ಮುನ್ನ ನೆನಪಿರಲಿ: ದೇವದಾಸಿ ಪದ್ಧತಿಗೆ ಕರ್ನಾಟಕದಲ್ಲಿ 1982ರ ಕಾಯ್ದೆ ಬೇಕಾಯಿತು.)

ಉತಾಮರೊ ಎಂಬ ಕಲಾವಿದ 1794ರ ಸುಮಾರಿಗೆ ಈ ಕೇರಿಯ ಒಂದು ದಿನವನ್ನು ಹನ್ನೆರಡು ಚಿತ್ರಗಳಲ್ಲಿ ತೋರಿಸಿದ. ನಡುರಾತ್ರಿಯ ಚಿತ್ರದಲ್ಲಿ ನಿದ್ದೆಗಣ್ಣಿನ ಹೆಂಗಸೊಬ್ಬಳು ಉರಿಯುವ ಕಾಗದ ಹಿಡಿದು ಕಾಲಿನಿಂದ ಚಪ್ಪಲಿ ತಡಕುತ್ತಾಳೆ. ಅದರಲ್ಲಿ ರಾಣಿ ಇಲ್ಲ, ದಣಿವಿದೆ. ನನಗೆ ಅವನ ಉಳಿದೆಲ್ಲ ಸುಂದರಿಯರಿಗಿಂತ ಇವಳೇ ಹೆಚ್ಚು.

ಮುಂದಿನ ಸಲ ಹೋದಾಗ ಮಗಳಿಗೆ ನಿಜ ಹೇಳಿದೆ, ಅವಳಿಗೆ ತಿಳಿಯುವಷ್ಟು: "ರಾಣಿ ಅಲ್ಲ ಪುಟ್ಟಿ, ಮನೆಗೆ ಹೋಗೋಕೆ ಬಿಡ್ತಿರಲಿಲ್ಲ." ಅವಳು ಚಿತ್ರದ ಮೂಲೆಗೆ ಬೆರಳಿಟ್ಟು, "ಈ ಚಿಕ್ಕವಳನ್ನೂನಾ?" ಎಂದಳು. ಅದು 'ಕಮುರೊ', ಸೇವೆಗಿಟ್ಟ ಬಾಲಕಿ. ಅಷ್ಟು ಹೊತ್ತು ನಾನು ಅವಳನ್ನು ಗಮನಿಸಿರಲೇ ಇಲ್ಲ.