ಉಸಿರಿನೊಡನೆ ಒಳಸೇರುವ ಕಲ್ಮಶ

ಔಷಧಿಯ ಬಾಟಲಿಯಲ್ಲಿಯೂ ರಾಸಾಯನಿಕದ ಪೀಪಾಯಿಯಲ್ಲಿಯೂ ಹೆಸರು ಬರೆದಿರುವ ವಸ್ತು ಮಾತ್ರವೇ ಇರುತ್ತದೆಂದು ನಾವು ನಂಬುತ್ತೇವೆ. ಆದರೆ ತಯಾರಿಕೆಯ ವೇಳೆ ತಾನಾಗಿ ಹುಟ್ಟುವ ಬೇರೊಂದು ವಸ್ತು ಅದರೊಳಗೆ ಅಲ್ಪಪ್ರಮಾಣದಲ್ಲಿ ಉಳಿಯುವುದುಂಟು. ಕೆಲವೊಮ್ಮೆ ಮೂಲವಸ್ತುವಿಗಿಂತ ಆ ಕಲ್ಮಶವೇ ಘೋರವಾಗಿರುತ್ತದೆ. ನಮ್ಮ ಭಕ್ತರ ಮನೆಗಳ ಎಷ್ಟೋ ಮಕ್ಕಳು ಇಂದು ಕಾರ್ಖಾನೆಗಳಲ್ಲಿ ಕಾಯಕ ಮಾಡುತ್ತಿರುವುದರಿಂದ, ಇದಕ್ಕೆ ಸಂಬಂಧಿಸಿದ ಒಂದು ಪ್ರಸಂಗವನ್ನು ಇಲ್ಲಿ ವಿವರಿಸುತ್ತೇವೆ.

ನೀರಿನ ಲವಣಗಳನ್ನು ತೆಗೆಯಲು ಬಳಸುವ ಕೆಲವು ಬಗೆಯ ರಾಳದ ಹರಳುಗಳನ್ನು ತಯಾರಿಸಲು ಕ್ಲೋರೊಮೀಥೈಲ್ ಮೀಥೈಲ್ ಈಥರ್ ಎಂಬ ದ್ರವವನ್ನು ಉಪಯೋಗಿಸುತ್ತಿದ್ದರು. ಕಾರ್ಖಾನೆಯ ದರ್ಜೆಯ ಈ ದ್ರವದಲ್ಲಿ ನೂರಕ್ಕೆ 1ರಿಂದ 8 ಭಾಗದಷ್ಟು ಬಿಸ್‌ ಕ್ಲೋರೊಮೀಥೈಲ್ ಈಥರ್ ಕಲ್ಮಶವಾಗಿ ಸೇರಿರುತ್ತಿತ್ತು. ಬಣ್ಣವಿಲ್ಲದ, ಸುಲಭವಾಗಿ ಆವಿಯಾಗುವ ವಸ್ತುವಿದು. ನೀರಿಗೆ ಬಿದ್ದರೆ ಒಂದೆರಡು ನಿಮಿಷದೊಳಗೆ ಬಹುಪಾಲು ಒಡೆದುಹೋಗುತ್ತದೆ. ಗಾಳಿಯಲ್ಲಿ ಮಾತ್ರ ಗಂಟೆಗಟ್ಟಲೆ ಉಳಿಯುತ್ತದೆ. ಅಪಾಯ ಮೂಗು ಮತ್ತು ಶ್ವಾಸಕೋಶಗಳಿಗೆ ಬಂದುದು ಇದರಿಂದಲೇ.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 1970ರ ದಶಕದಲ್ಲಿ ಇಲಿಗಳನ್ನು ಈ ಕಲ್ಮಶದ ಆವಿಯಿದ್ದ ಗಾಳಿಯಲ್ಲಿರಿಸಿ ಪರೀಕ್ಷಿಸಿದರು. ಪ್ರಮಾಣವೆಷ್ಟು? ಗಾಳಿಯ ಒಂದು ಕೋಟಿ ಭಾಗದಲ್ಲಿ ಒಂದೇ ಭಾಗ! ದಿನಕ್ಕೆ 6 ಗಂಟೆ, ವಾರಕ್ಕೆ 5 ದಿನ. ಅಂದರೆ ಹೆಚ್ಚುಕಡಿಮೆ ಕಾರ್ಮಿಕನ ಪಾಳಿಯಂತೆಯೇ. ಕೇವಲ 10 ದಿನ ಉಸಿರಾಡಿದ 41 ಇಲಿಗಳಲ್ಲಿ ಒಂದಕ್ಕೆ, 20 ದಿನ ಉಸಿರಾಡಿದ 46ರಲ್ಲಿ ಮೂರಕ್ಕೆ, 100 ದಿನ ಉಸಿರಾಡಿದ 20ರಲ್ಲಿ ಹನ್ನೆರಡಕ್ಕೆ ಶ್ವಾಸಮಾರ್ಗದ ಕ್ಯಾನ್ಸರ್ ಕಾಣಿಸಿತು. ಹೋಲಿಕೆಗಾಗಿ ಶುದ್ಧಗಾಳಿಯಲ್ಲಿಟ್ಟ 240 ಇಲಿಗಳಲ್ಲಿ ಒಂದಕ್ಕೂ ಇಲ್ಲ. ಆವಿಯಿಂದ ಹೊರತೆಗೆದ ಮೇಲೆ ಇಲಿಗಳನ್ನು ಅವುಗಳ ಆಯುಷ್ಯವಿರುವವರೆಗೂ ಗಮನಿಸಿದ್ದರೆಂಬುದು ಮುಖ್ಯ. ರೋಗವು ತಡವಾಗಿ ಬಂದಿತು. ಕೆಲವು ವಾರ ನೋಡಿ ‘ಏನೂ ಆಗಲಿಲ್ಲ’ ಎಂದು ಬರೆದಿದ್ದರೆ ಸತ್ಯವು ಮುಚ್ಚಿಹೋಗುತ್ತಿತ್ತು.

ಇಲಿಯ ಮಾತು ಮನುಷ್ಯನಿಗೆ ಅನ್ವಯಿಸುವುದೇ ಎಂದು ಕೇಳುವವರುಂಟು. ದುರ್ದೈವವಶಾತ್ ಉತ್ತರವು ಅದೇ ಕಾಲದಲ್ಲಿ ದೊರೆಯಿತು. ಅಮೆರಿಕದ ಫಿಲಡೆಲ್ಫಿಯದಲ್ಲಿ ಈ ದ್ರವದೊಡನೆ ಕೆಲಸ ಮಾಡಿದ 14 ಕಾರ್ಮಿಕರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದುದನ್ನು ವೈದ್ಯರು 1973ರಲ್ಲಿ ಪ್ರಕಟಿಸಿದರು. ಅವರಲ್ಲಿ ಮೂವರು ಎಂದೂ ಧೂಮಪಾನ ಮಾಡಿದವರಲ್ಲ. ಬೀಡಿ ಸಿಗರೇಟುಗಳ ಮೇಲೆಯೇ ಎಲ್ಲ ದೋಷವನ್ನು ಹೊರಿಸುವ ನಮ್ಮ ರೂಢಿಗೆ ಇದು ತಿದ್ದುಪಡಿ. 1974ರಲ್ಲಿ ಅಮೆರಿಕದ ಸರ್ಕಾರವು ಈ ವಸ್ತುವಿನ ಬಳಕೆಗೆ ಕಟ್ಟುನಿಟ್ಟಾದ ನಿಯಮಗಳನ್ನು ವಿಧಿಸಿತು. ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿಯೂ ಅದು ಸೇರಿದೆ.

ಹೀಗೆಂದು ಸಿದ್ಧವಾದ ರಾಳದಿಂದ ಶುದ್ಧಗೊಳಿಸಿದ ನೀರಿಗೆ ಯಾರೂ ಹೆದರಬೇಕಾಗಿಲ್ಲ. ಎಚ್ಚರ ಬೇಕಾದುದು ತಯಾರಿಕೆಯ ಸ್ಥಳದಲ್ಲಿ. ಸಾಂದ್ರವಾದ ಫಾರ್ಮಾಲಿನ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳು ಕೂಡಿದಲ್ಲಿಯೂ ಈ ಕಲ್ಮಶ ಹುಟ್ಟಬಲ್ಲದು; ಪ್ರಯೋಗಾಲಯಗಳಲ್ಲಿ ಅವೆರಡನ್ನು ಒಂದೆಡೆ ಇಡಬಾರದು. ಬಾಯಿಗೆ ಕಟ್ಟಿದ ಬಟ್ಟೆ ಧೂಳನ್ನು ಕೊಂಚ ತಡೆದೀತು, ಆವಿಯನ್ನು ತಡೆಯದು. ರಾಸಾಯನಿಕದೊಡನೆ ದುಡಿಯುವವರು ಅದರ ಸುರಕ್ಷತಾ ವಿವರಪತ್ರವನ್ನು ಕೇಳಿ ಪಡೆದು, ಅದರಲ್ಲಿ ಕಲ್ಮಶಗಳ ಸಾಲನ್ನೂ ಓದಿಸಿಕೊಳ್ಳಬೇಕು. ಬಿಡದ ಕೆಮ್ಮು, ಕಫದಲ್ಲಿ ರಕ್ತ, ಏದುಸಿರು ಕಂಡರೆ, ಆ ಕೆಲಸ ಬಿಟ್ಟು ಹತ್ತು ವರ್ಷಗಳಾಗಿದ್ದರೂ, ತಾವು ಹಿಂದೆ ಯಾವ ವಸ್ತುವಿನೊಡನೆ ದುಡಿದಿದ್ದೆವೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.