ವಿದ್ಯಾಗಮ: ಮನೆಗೂ ಶಾಲೆಗೂ ನಡುವಣ ಸಂಧಿ

ಅರಿವು ಗುರುಮುಖದಿಂದ ಶಿಷ್ಯನ ಶ್ರವಣಕ್ಕೆ ಇಳಿದು, ಮನನದಿಂದ ನೆಲೆಗೊಂಡು, ಆಚಾರದಲ್ಲಿ ಫಲಿಸಬೇಕೆಂಬುದು ಈ ನಾಡಿನ ಹಿರಿಯರಿಗೆ ಸಮ್ಮತವಾದ ಮಾರ್ಗ. ಈ ಮಾರ್ಗಕ್ಕೆ ಸಾನ್ನಿಧ್ಯವೇ ಮೂಲ. ಗುರುವಿನ ಎದುರು ಕುಳಿತು ಓದುವುದು, ತಪ್ಪಿದಾಗ ತಿದ್ದಿಸಿಕೊಳ್ಳುವುದು, ತಿಳಿಯದಿದ್ದಾಗ ಕೇಳುವುದು, ಇವಿಲ್ಲದ ವಿದ್ಯೆಯನ್ನು ಪೂರ್ವಿಕರು ವಿದ್ಯೆಯೆಂದು ಎಣಿಸಿದವರಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಮಹಾಮಾರಿಯು ದೇಶದ ಸಮಸ್ತ ಶಾಲೆಗಳ ಬಾಗಿಲನ್ನು ಮುಚ್ಚಿಸಿದಾಗ ಕಡಿದುಹೋದುದು ಈ ಸಾನ್ನಿಧ್ಯವೇ. ತರುವಾಯ ಬಾಗಿಲು ತೆರೆಯುವ ಕಾಲ ಬಂದಾಗ ಪ್ರೌಢಶಾಲೆಗಳ ಮುಂದೆ ಕಠಿನವಾದ ಪ್ರಶ್ನೆಯೊಂದು ಎದ್ದು ನಿಂತಿತು: ಬರುವವರಿಗೆ ಶಾಲೆಯಲ್ಲಿಯೂ ಬಾರದವರಿಗೆ ಮನೆಯಲ್ಲಿಯೂ ಪಾಠವನ್ನು ಏಕಕಾಲಕ್ಕೆ ನಡೆಸುವುದು ಯುಕ್ತವೋ, ಅಲ್ಲವೋ? ಈ ಉಭಯ ಕ್ರಮಕ್ಕೆ ಹೈಬ್ರಿಡ್ ಕಲಿಕೆ, ಮಿಶ್ರ ಕಲಿಕೆ ಎಂಬ ಹೆಸರುಗಳು ಬಳಕೆಗೆ ಬಂದಿವೆ. ಆ ನಿರ್ಧಾರದ ಸಾಧಕ ಬಾಧಕಗಳನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ವಿಚಾರವು ಗಾಳಿಯಲ್ಲಿ ತೇಲದೆ ನೆಲದ ಮೇಲೆ ನಿಲ್ಲಲೆಂದು ದಕ್ಷಿಣ ಕನ್ನಡ ಜಿಲ್ಲೆಯ ಮೂಡುಬಿದಿರೆ ತಾಲ್ಲೂಕಿನ ಶಿರ್ತಾಡಿಯ ಪರಿಸರವನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಂಡಿದೆ.

ಪದವಿಚಾರ

ಕರ್ನಾಟಕ ಸರ್ಕಾರವು 2020ರ ಆಗಸ್ಟ್ ತಿಂಗಳಲ್ಲಿ ಆರಂಭಿಸಿದ ಯೋಜನೆಗೆ ‘ವಿದ್ಯಾಗಮ’ ಎಂದು ಹೆಸರಿಟ್ಟಿತು. ವಿದ್ಯಾ ಮತ್ತು ಆಗಮ ಎಂಬ ಎರಡು ಪದಗಳು ಸವರ್ಣದೀರ್ಘ ಸಂಧಿಯಿಂದ ಕೂಡಿ ಈ ಶಬ್ದವಾಗಿದೆ. ಆಗಮವೆಂದರೆ ಬರುವಿಕೆ. ಶಿಷ್ಯನು ವಿದ್ಯೆಯಿದ್ದಲ್ಲಿಗೆ ಹೋಗಲಾಗದ ಕಾಲದಲ್ಲಿ ವಿದ್ಯೆಯೇ ಶಿಷ್ಯನಿದ್ದಲ್ಲಿಗೆ ಬರುವುದೆಂಬುದು ಇದರ ತಾತ್ಪರ್ಯ.

ಕನ್ನಡ ವ್ಯಾಕರಣದಲ್ಲಿ ಆಗಮ ಶಬ್ದಕ್ಕೆ ಮತ್ತೊಂದು ಅರ್ಥವುಂಟು. ಎರಡು ಸ್ವರಗಳು ಸಂಧಿಸುವಾಗ ಹಿಂದಿನ ಸ್ವರವನ್ನು ಲೋಪಗೊಳಿಸುವುದು ಕನ್ನಡಕ್ಕೆ ಸಹಜವಾದ ರೀತಿ. ಆದರೆ ಹಾಗೆ ಲೋಪಗೊಳಿಸಿದರೆ ಅರ್ಥವು ಕೆಡುವುದಾದಲ್ಲಿ ಲೋಪವನ್ನು ಬಿಟ್ಟು, ನಡುವೆ ಯಕಾರವನ್ನೋ ವಕಾರವನ್ನೋ ತರಬೇಕು. ಮನೆ ಎಂಬುದಕ್ಕೆ ಅಲ್ಲಿ ಎಂಬುದು ಸೇರುವಾಗ ‘ಮನಲ್ಲಿ’ ಎಂದರೆ ಅರ್ಥವಿಲ್ಲ. ‘ಮನೆಯಲ್ಲಿ’ ಎಂದರೆ ಅರ್ಥವುಂಟು. ಗುರು ಎಂಬುದಕ್ಕೆ ಅನ್ನು ಸೇರಿ ‘ಗುರುವನ್ನು’ ಎಂದಾಗುವುದೂ ಹೀಗೆಯೇ. ನಡುವೆ ಬಂದ ಆ ಅಕ್ಷರವು ಹಿಂದಿನ ಪದಕ್ಕೆ ಸೇರಿದುದಲ್ಲ, ಮುಂದಿನ ಪದಕ್ಕೂ ಸೇರಿದುದಲ್ಲ. ಅದಕ್ಕೆ ಸ್ವತಂತ್ರವಾದ ಅರ್ಥವೂ ಇಲ್ಲ. ಆದರೂ ಅದಿಲ್ಲದಿದ್ದರೆ ಎರಡು ಪದಗಳ ಅರ್ಥವೂ ಕೆಡುತ್ತದೆ. ಮಿಶ್ರ ಕಲಿಕೆಯ ಗುಣದೋಷವನ್ನು ಅಳೆಯಲು ಈ ಸೂತ್ರವೇ ಸಾಕು. ಮನೆಗೂ ಶಾಲೆಗೂ ನಡುವೆ ಬರಬೇಕಾದ ಅಕ್ಷರ ಯಾವುದು? ಅದು ಬಂದಿತೋ, ಇಲ್ಲವೋ?

ಘಟನಾಕ್ರಮ

2020ರ ಮಾರ್ಚ್ 27ರಂದು ಆರಂಭವಾಗಬೇಕಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಮುಂದಕ್ಕೆ ಹೋಗಿ ಜೂನ್ 25ರಿಂದ ನಡೆಯಿತು. ಅದೇ ಜೂನ್ ತಿಂಗಳಲ್ಲಿ ಸರ್ಕಾರವು ಚಿಕ್ಕ ಮಕ್ಕಳ ಆನ್‌ಲೈನ್ ಪಾಠಗಳಿಗೆ ನಿರ್ಬಂಧ ವಿಧಿಸಿತು; ಜುಲೈ 8ರಂದು ರಾಜ್ಯದ ಉಚ್ಚ ನ್ಯಾಯಾಲಯವು ಆ ನಿರ್ಬಂಧಕ್ಕೆ ತಡೆಯಾಜ್ಞೆ ನೀಡಿತು. ಜುಲೈ 20ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿ ‘ಸೇತುಬಂಧ’ ಪಾಠಗಳು ಪ್ರಸಾರವಾದುವು. ಆಮೇಲೆ ಬಂದುದು ವಿದ್ಯಾಗಮ. ಅಂತರ್ಜಾಲವುಳ್ಳ ಫೋನು ಇರುವವರು, ಸಾದಾ ಫೋನು ಮಾತ್ರ ಇರುವವರು, ಯಾವ ಫೋನೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿ, ಶಿಕ್ಷಕರೇ ಊರೂರಿಗೆ ಹೋಗಿ ದೇವಾಲಯದ ಅಂಗಳ, ಸಮುದಾಯ ಭವನ, ಮರದ ನೆರಳುಗಳಲ್ಲಿ ಚಿಕ್ಕ ಚಿಕ್ಕ ಗುಂಪುಗಳಿಗೆ ಪಾಠ ಹೇಳಿದರು. ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ತಗುಲಿದ ವರದಿಗಳು ಬಂದುದರಿಂದ ಅಕ್ಟೋಬರ್ ತಿಂಗಳಲ್ಲಿ ಅದನ್ನು ತಡೆಹಿಡಿಯಲಾಯಿತು.

2021ರ ಜನವರಿ 1ರಂದು 10ನೆಯ ತರಗತಿಯ ಪಾಠಗಳು ಶಾಲೆಯಲ್ಲಿಯೇ ಮೊದಲಾದುವು. 6ರಿಂದ 9ನೆಯ ತರಗತಿಯವರಿಗೆ ವಿದ್ಯಾಗಮವು ಶಾಲೆಯ ಆವರಣದಲ್ಲಿ ಪುನರಾರಂಭವಾಯಿತು. ಹಾಜರಾತಿ ಕಡ್ಡಾಯವಲ್ಲ, ಪೋಷಕರ ಒಪ್ಪಿಗೆ ಪತ್ರ ಬೇಕು, ಬಾರದವರಿಗೆ ದೂರದ ಪಾಠ ಮುಂದುವರಿಯಬೇಕು ಎಂಬ ನಿಯಮಗಳಿದ್ದುವು. ಏಪ್ರಿಲ್ ತಿಂಗಳಲ್ಲಿ ಎರಡನೆಯ ಅಲೆ ಎದ್ದು ಎಲ್ಲವೂ ಮತ್ತೆ ನಿಂತಿತು. ಆಗಸ್ಟ್ 23ರಂದು, ಸೋಂಕಿನ ಪ್ರಮಾಣ ಶೇಕಡಾ 2ಕ್ಕಿಂತ ಕಡಮೆಯಿದ್ದ ಜಿಲ್ಲೆಗಳಲ್ಲಿ 9ನೆಯ ತರಗತಿಯಿಂದ ಮೇಲ್ಪಟ್ಟ ಪಾಠಗಳು ಅದೇ ಉಭಯ ಕ್ರಮದಲ್ಲಿ ತೊಡಗಿದುವು. ದಕ್ಷಿಣ ಕನ್ನಡವು ಆ ಮಿತಿಯ ಹೊರಗಿದ್ದುದರಿಂದ ಅಲ್ಲಿಯ ಮಕ್ಕಳು ಸೆಪ್ಟೆಂಬರಿನವರೆಗೆ ಕಾಯಬೇಕಾಯಿತು.

ನೆಲದ ಗುಣ

ಶಿರ್ತಾಡಿಯು ಮೂಡುಬಿದಿರೆಗೂ ಪಶ್ಚಿಮ ಘಟ್ಟದ ತಪ್ಪಲಿಗೂ ನಡುವೆ ಇರುವ ಗ್ರಾಮ. ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗೆ ಮನೆ ತಾಗಿ ಕೇರಿಗಳಿರುವುದಿಲ್ಲ. ಅಡಕೆ ತೋಟ, ಗದ್ದೆ, ಗುಡ್ಡಗಳ ನಡುವೆ ಒಂಟಿ ಒಂಟಿ ಮನೆಗಳು ಹರಡಿಕೊಂಡಿರುವುದು ತುಳುನಾಡಿನ ವಾಸಕ್ರಮ. ಬಯಲುನಾಡಿನ ಶಿಕ್ಷಕನು ಒಂದು ಗುಡಿಯ ಅಂಗಳದಲ್ಲಿ ನಿಂತು ಕರೆದರೆ ಇಪ್ಪತ್ತು ಮಕ್ಕಳು ಸೇರಿಯಾರು. ಇಲ್ಲಿ ಅಷ್ಟು ಮಕ್ಕಳನ್ನು ಸೇರಿಸಬೇಕಾದರೆ ಹಲವು ತೋಟಗಳನ್ನು ದಾಟಬೇಕು. ಅದರಲ್ಲಿಯೂ ಶಾಲೆ ಮೊದಲಾಗುವ ಜೂನ್ ತಿಂಗಳೆಂದರೆ ಇಲ್ಲಿ ಮಳೆಗಾಲದ ಆರಂಭ. ಗಾಳಿಮಳೆಗೆ ಮರ ಬಿದ್ದು ತಂತಿ ಕಡಿದರೆ ವಿದ್ಯುತ್ತಿಲ್ಲ. ವಿದ್ಯುತ್ತಿಲ್ಲದಿದ್ದರೆ ಫೋನಿನ ಸಂಕೇತವೂ ಅಡಗುತ್ತದೆ. 2021ರ ಜೂನ್ ತಿಂಗಳಲ್ಲಿ ಇದೇ ಜಿಲ್ಲೆಯ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಸಂಕೇತ ದೊರೆಯುವ ರಸ್ತೆಯ ಅಂಚಿನಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆಯು ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ನೋಡಿತು. ವಿದ್ಯೆಯ ಮೇಲಿನ ಆದರಕ್ಕೆ ಆ ತಂದೆ ನಿದರ್ಶನ. ವ್ಯವಸ್ಥೆಯ ಕೊರತೆಗೂ ಆ ಕೊಡೆಯೇ ನಿದರ್ಶನ.

ಕೇಳುವ ಕನ್ನಡ, ಆಡುವ ಕನ್ನಡ

ಹೊರಗಿನವರ ಕಣ್ಣಿಗೆ ಸುಲಭವಾಗಿ ಬೀಳದ ಮತ್ತೊಂದು ಸಂಗತಿಯಿದೆ. ಶಿರ್ತಾಡಿಯ ಪರಿಸರದಲ್ಲಿ ಹೆಚ್ಚಿನ ಮನೆಗಳ ಮಾತು ತುಳು. ಕೆಲವು ಮನೆಗಳಲ್ಲಿ ಕೊಂಕಣಿ, ಬ್ಯಾರಿ ಭಾಷೆಗಳು. ಕನ್ನಡವು ಅಲ್ಲಿಯ ಮಗುವಿಗೆ ಶಾಲೆಯ ಅಂಗಳದಲ್ಲಿ ದೊರೆಯುವ ಭಾಷೆ. ಮೂಡುಬಿದಿರೆಯವನಾದ ರತ್ನಾಕರವರ್ಣಿಯು 16ನೆಯ ಶತಮಾನದಲ್ಲಿ ಭರತೇಶ ವೈಭವವನ್ನು ಕನ್ನಡದಲ್ಲಿ ರಚಿಸಿದನೆಂಬುದನ್ನು ನೆನೆದರೆ, ತುಳುವ ನೆಲವು ಕನ್ನಡಕ್ಕೆ ಎಂದೂ ಬರಡಲ್ಲವೆಂಬುದು ಸ್ಪಷ್ಟವಾಗುತ್ತದೆ. ಆದರೆ ಆ ಬೆಳೆ ಅಭ್ಯಾಸದಿಂದ ಬರತಕ್ಕದ್ದು. ಮೈಸೂರು, ಧಾರವಾಡದ ಮಗು ಶಾಲೆ ಮುಚ್ಚಿದರೂ ಅಡಿಗೆಮನೆಯಲ್ಲಿ, ಬೀದಿಯಲ್ಲಿ ಕನ್ನಡವನ್ನು ಆಡುತ್ತದೆ. ತುಳುನಾಡಿನ ಮಗುವಿಗಾದರೋ ಶಾಲೆ ಮುಚ್ಚಿತೆಂದರೆ ಕನ್ನಡದ ಬೀದಿಯೇ ಮುಚ್ಚಿದಂತೆ.

ಫೋನಿನ ಮೂಲಕ ಕನ್ನಡವು ಕಿವಿಗೆ ಬೀಳುತ್ತಿತ್ತು, ನಿಜ. ಆದರೆ ಭಾಷೆಯು ಕಿವಿಯಿಂದ ಮಾತ್ರ ಬರುವುದಲ್ಲ. ಅಲ್ಪಪ್ರಾಣ ಮಹಾಪ್ರಾಣಗಳ ಭೇದ, ಶಕಾರ ಷಕಾರ ಸಕಾರಗಳ ಸ್ಥಾನ, ಹಳಗನ್ನಡ ಪದ್ಯವನ್ನು ಒಡೆದು ಓದುವಾಗಿನ ನಿಲುಗಡೆ, ಇವನ್ನು ಶಿಕ್ಷಕನು ಹೇಳಿ, ಶಿಷ್ಯನು ಆಡಿ, ಶಿಕ್ಷಕನು ತಿದ್ದಿ, ಶಿಷ್ಯನು ಮತ್ತೆ ಆಡಬೇಕು. ಛಂದಸ್ಸಿನ ಪಾಠದಲ್ಲಿ ಲಘು ಗುರುಗಳನ್ನು ಗುರುತಿಸಿ ಗಣವಿಭಾಗ ಮಾಡುವ ಮಗುವಿನ ಬೆರಳು ಎಲ್ಲಿ ತಪ್ಪಿತೆಂಬುದು ಪಕ್ಕದಲ್ಲಿ ನಿಂತವನಿಗೆ ಆ ಕ್ಷಣದಲ್ಲಿಯೇ ತಿಳಿಯುತ್ತದೆ. ದೂರದಲ್ಲಿದ್ದವನಿಗೆ ಉತ್ತರ ತಪ್ಪೆಂದು ಮಾತ್ರ ತಿಳಿಯುತ್ತದೆ.

ಪರೀಕ್ಷೆಯೂ ಇದಕ್ಕೆ ಸೇರಿಕೊಂಡಿತು. 2021ರ ಜುಲೈ 19 ಮತ್ತು 22ರಂದು, ಎರಡೇ ದಿನಗಳಲ್ಲಿ, ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಯಿತು. ಪ್ರತಿ ವಿಷಯಕ್ಕೆ 40 ಅಂಕಗಳು. ಸರಿಯುತ್ತರವನ್ನು ಆಯ್ದು ಗುರುತು ಹಾಕುವ ಪ್ರಶ್ನೆಗಳು. ಆಪತ್ಕಾಲದಲ್ಲಿ ಅನ್ಯ ಮಾರ್ಗವಿರಲಿಲ್ಲವೆಂಬುದನ್ನು ಒಪ್ಪಬೇಕು. ಆದರೂ ಒಂದು ವರ್ಷದ ಮಕ್ಕಳು ಪ್ರಬಂಧ, ಪತ್ರಲೇಖನ, ಪದ್ಯದ ಸಾರಾಂಶ ಯಾವುದನ್ನೂ ಬರೆಯದೆ ಭಾಷಾ ಪರೀಕ್ಷೆಯನ್ನು ದಾಟಿದರೆಂಬುದು ಭಾಷಾಶಿಕ್ಷಕರು ಮರೆಯಬಾರದ ಸಂಗತಿ.

ತಾಳೆಗರಿಯ ದೃಷ್ಟಾಂತ

ಪಾಠವನ್ನು ಚಿತ್ರೀಕರಿಸಿ ಇಟ್ಟರೆ ಎಂದಿಗೂ ಕೆಡುವುದಿಲ್ಲ, ಮಗು ಬೇಕಾದಾಗ ನೋಡಬಹುದೆಂಬ ವಾದವೊಂದಿದೆ. ಇದಕ್ಕೆ ಉತ್ತರವು ಶಿರ್ತಾಡಿಯ ನೆರೆಯಲ್ಲಿಯೇ ಇದೆ. ಷಟ್ಖಂಡಾಗಮದ ಧವಲಾ ವ್ಯಾಖ್ಯಾನ ಮತ್ತು ಜಯಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದುವು. ಅವನ್ನು ಕಾಪಾಡಿದವರ ಶ್ರದ್ಧೆಗೆ ನಮಸ್ಕರಿಸಲೇಬೇಕು. ಆದರೆ ದೀರ್ಘಕಾಲ ಅವು ದರ್ಶನಕ್ಕೆ ದೊರೆಯುತ್ತಿದ್ದುವೇ ಹೊರತು ಅಧ್ಯಯನಕ್ಕೆ ದೊರೆಯುತ್ತಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಮೊದಲಾಗಿ, 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಷಟ್ಖಂಡಾಗಮದ ಮೊದಲ ಸಂಪುಟವು ಅಚ್ಚಾದ ಮೇಲೆಯೇ ಆ ವಿದ್ಯೆಯು ಲೋಕಕ್ಕೆ ತೆರೆಯಿತು. ಉಳಿದಿರುವ ಗ್ರಂಥ ಬೇರೆ, ಓದಿಸುವ ಗುರು ಬೇರೆ. ಫೋನಿನಲ್ಲಿ ಉಳಿದಿರುವ ಪಾಠವೂ ಬಿಚ್ಚಿ ಹೇಳುವವರಿಲ್ಲದಿದ್ದರೆ ದರ್ಶನಕ್ಕೆ ಮಾತ್ರ ಒದಗುವ ತಾಳೆಗರಿಯೇ ಸರಿ.

ಇತರ ದೇಶಗಳ ಅನುಭವವೂ ಇದಕ್ಕಿಂತ ಭಿನ್ನವಲ್ಲ. 1937ರಲ್ಲಿ ಅಮೆರಿಕದ ಚಿಕಾಗೋ ನಗರದಲ್ಲಿ ಪೋಲಿಯೋ ರೋಗ ಹಬ್ಬಿ ಶಾಲೆಗಳು ತೆರೆಯದಿದ್ದಾಗ ಸುಮಾರು 3 ಲಕ್ಷ ಮಕ್ಕಳಿಗೆ ಆಕಾಶವಾಣಿಯ ಮೂಲಕ ಪಾಠ ನಡೆಯಿತು. ಪಾಠದ ವಿವರಗಳನ್ನು ವೃತ್ತಪತ್ರಿಕೆಗಳು ಮುದ್ರಿಸಿದುವು. ರೇಡಿಯೋ ಇಲ್ಲದ ಮನೆಯ ಮಕ್ಕಳು ಆಗಲೂ ಹೊರಗುಳಿದರು. ತಂದೆತಾಯಂದಿರ ಸಂದೇಹಗಳಿಗೆ ದೂರವಾಣಿಯಲ್ಲಿ ಉತ್ತರಿಸಲು ಆಗಲೂ ಶಿಕ್ಷಕರೇ ಬೇಕಾದರು. ಯಂತ್ರ ಬದಲಾಗಿದೆ, ಕೊರತೆ ಬದಲಾಗಿಲ್ಲ.

ನಿರ್ಧಾರದ ಯುಕ್ತಾಯುಕ್ತತೆ

ಹೀಗಿದ್ದ ಮೇಲೆ ಉಭಯ ಕ್ರಮವನ್ನು ಮುಂದುವರಿಸಿದ್ದು ತಪ್ಪೇ? ತಪ್ಪಲ್ಲ. ಮನೆಯಲ್ಲಿ ವೃದ್ಧರೋ ರೋಗಿಗಳೋ ಇದ್ದು, ಮಗುವನ್ನು ಕಳುಹಿಸಲು ಅಂಜಿದ ತಾಯಿಯ ಭಯವು ಅವಿವೇಕವಾಗಿರಲಿಲ್ಲ. ಎಲ್ಲರೂ ಬಂದೇ ತೀರಬೇಕೆಂದಿದ್ದರೆ ಆ ಮಗು ಶಾಲೆಗೆ ಹೊರಗಾಗುತ್ತಿತ್ತು. ಯಾರೂ ಬರಕೂಡದೆಂದಿದ್ದರೆ ಫೋನಿಲ್ಲದ ಮಗು ವಿದ್ಯೆಗೇ ಹೊರಗಾಗುತ್ತಿತ್ತು. ಎರಡು ಬಾಗಿಲುಗಳನ್ನೂ ತೆರೆದಿಟ್ಟುದು ಧರ್ಮವೇ ಆಯಿತು. ಪುಸ್ತಕದ ಪುಟದ ಚಿತ್ರವನ್ನು ಫೋನಿನಲ್ಲಿ ತರಿಸಿಕೊಂಡು ಒಬ್ಬೊಬ್ಬರ ಬರವಣಿಗೆಯನ್ನು ರಾತ್ರಿ ಕುಳಿತು ತಿದ್ದಿದ ಶಿಕ್ಷಕರಿದ್ದಾರೆ. ಅವರ ಶ್ರಮವನ್ನು ಹಗುರವಾಗಿ ಕಾಣುವುದು ಸಲ್ಲದು.

ಆದರೆ ಎರಡು ಬಾಗಿಲುಗಳೂ ಸಮಾನವೆಂದು ಭಾವಿಸಿದುದು ಭ್ರಮೆ. 2021ರ ಫೆಬ್ರವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿದಂತೆ 5 ರಾಜ್ಯಗಳ 1,137 ಸರ್ಕಾರಿ ಶಾಲೆಗಳಲ್ಲಿ, 2ರಿಂದ 6ನೆಯ ತರಗತಿಯವರೆಗಿನ 16,067 ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನವನ್ನು ಪ್ರಕಟಿಸಿತು. ಹಿಂದಿನ ವರ್ಷ ಇದ್ದ ಭಾಷಾಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡವರು ಶೇಕಡಾ 92. ಗಣಿತದಲ್ಲಿ ಶೇಕಡಾ 82. ಗಣಿತಕ್ಕಿಂತ ಭಾಷೆಯಲ್ಲಿ ಇಂತಹ ಮಕ್ಕಳ ಸಂಖ್ಯೆ ಹೆಚ್ಚಾಗಿರುವುದನ್ನು ಭಾಷಾಶಿಕ್ಷಕರು ಗಮನಿಸಬೇಕು. ಅಂದು 6ನೆಯ ತರಗತಿಯಲ್ಲಿದ್ದವರೇ 2022ರಲ್ಲಿ ಪ್ರೌಢಶಾಲೆಯ ಹೊಸ್ತಿಲನ್ನು ತುಳಿದರು. ಆ ವರ್ಷ ರಾಜ್ಯವು ‘ಕಲಿಕಾ ಚೇತರಿಕೆ’ ಎಂಬ ಕಾರ್ಯಕ್ರಮವನ್ನು ಹಮ್ಮಿಕೊಂಡುದು ಈ ನಷ್ಟವನ್ನು ಒಪ್ಪಿಕೊಂಡೇ.

ಆದುದರಿಂದ ಮಿಶ್ರ ಕಲಿಕೆಯಲ್ಲಿ ಕಾರ್ಯವಿಭಾಗವನ್ನು ಮೊದಲೇ ನಿರ್ಣಯಿಸಬೇಕು. ವಿವರಣೆ, ಚಿತ್ರ, ಪುನರಾವರ್ತನೆ, ಅನಾರೋಗ್ಯದಿಂದ ತಪ್ಪಿದ ಪಾಠ, ಇವು ದೂರದಿಂದ ನಡೆಯಬಹುದು. ವಾಚನ, ಲೇಖನ, ತಿದ್ದುವಿಕೆ, ಪ್ರಶ್ನೋತ್ತರ, ಇವಕ್ಕೆ ಸಾನ್ನಿಧ್ಯವೇ ಬೇಕು. ವಾರಕ್ಕೆ ಎರಡೇ ದಿನ ಮಗು ಶಾಲೆಗೆ ಬರುವುದಾದರೆ, ಆ ಎರಡು ದಿನಗಳನ್ನು ಶಿಕ್ಷಕನ ಉಪನ್ಯಾಸಕ್ಕೆ ವ್ಯಯಮಾಡದೆ ಮಗುವಿನ ಬಾಯಿಗೂ ಕೈಗೂ ಮೀಸಲಿಡಬೇಕು.

ಜಂಗಮ, ದಾಸೋಹ

ಶರಣಪರಂಪರೆಯಲ್ಲಿ ಬೆಳೆದ ಸಂಸ್ಥೆಗಳಿಗೆ ಈ ತತ್ತ್ವ ಹೊಸದಲ್ಲ. ಕಲ್ಯಾಣದ ಅನುಭವ ಮಂಟಪವು ಪ್ರಶ್ನೆ ಉತ್ತರಗಳಿಂದ ಅರಿವನ್ನು ಬೆಳೆಸಿದ ಸ್ಥಾನ; ವಚನವೆಂಬ ಶಬ್ದಕ್ಕೇ ಆಡಿದ ಮಾತೆಂಬ ಅರ್ಥವಿದೆ. ಜಂಗಮನೆಂದರೆ ಚಲಿಸುವವನು, ಭಕ್ತನ ಮನೆಯಂಗಳಕ್ಕೆ ಅರಿವನ್ನು ತಾನೇ ಒಯ್ಯುವವನು. ಮಳೆಯಲ್ಲಿ ತೋಟದಿಂದ ತೋಟಕ್ಕೆ ನಡೆದು, ಫೋನಿಲ್ಲದ ಮಗುವಿನ ಜಗಲಿಯಲ್ಲಿ ಕುಳಿತ ಶಿಕ್ಷಕನು ಅರಿತೋ ಅರಿಯದೆಯೋ ಜಂಗಮಧರ್ಮವನ್ನೇ ಪಾಲಿಸಿದನು. ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ವೆಂಬ ಹೆಸರು ಬಂದುದೂ ಇದೇ ಪರಂಪರೆಯಿಂದ. ಶಾಲೆಗಳು ಮುಚ್ಚಿದಾಗ ಧಾನ್ಯವು ಮನೆಗೆ ಹೋಯಿತು. ಆದರೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಪಾಠವು ಧಾನ್ಯದೊಡನೆ ಹೋಗಲಿಲ್ಲ. 2021ರ ಅಕ್ಟೋಬರಿನಲ್ಲಿ ಬಿಸಿಯೂಟ ಮರಳಿದಾಗಲೇ ಆ ಪಾಠವೂ ಮರಳಿತು.

ದಾನಿಗಳೂ ಪೂರ್ವವಿದ್ಯಾರ್ಥಿಗಳೂ ಗಮನಿಸಬೇಕಾದುದು ಇಲ್ಲಿದೆ. ಶಾಲೆಗೆ ಯಂತ್ರಗಳನ್ನು ಕೊಡುವುದು ಪುಣ್ಯಕಾರ್ಯವೇ. ಅದರ ಜೊತೆಗೆ ಕನ್ನಡದಲ್ಲಿ ಹಿಂದುಳಿದ ಮಕ್ಕಳಿಗೆ ಸಂಜೆಯ ವಾಚನ ತರಗತಿ, ಗ್ರಾಮದಲ್ಲೊಂದು ಓದುವ ಕೊಠಡಿ, ದೂರದ ಮನೆಗಳಿಗೆ ಹೋಗುವ ಶಿಕ್ಷಕರಿಗೆ ಪ್ರಯಾಣದ ನೆರವು, ಇವಕ್ಕೂ ಕೈ ನೀಡಿದರೆ ದಾನವು ಪೂರ್ಣವಾಗುತ್ತದೆ. ಮಹಾಮಾರಿ ಮುಗಿಯಿತೆಂದು ಈ ವಿಚಾರವನ್ನು ಮಡಿಸಿಡುವಂತಿಲ್ಲ. ನೆರೆ ಬಂದಾಗ, ಗುಡ್ಡ ಕುಸಿದಾಗ, ಮಳೆಗಾಗಿ ರಜೆ ಸಾರಿದಾಗ ಘಟ್ಟದ ತಪ್ಪಲಿನ ಶಾಲೆಗಳಿಗೆ ಇದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ.

ಮನೆಯೂ ಇದೆ, ಶಾಲೆಯೂ ಇದೆ, ಈಗ ಅವೆರಡನ್ನೂ ಕೂಡಿಸುವ ಯಂತ್ರವೂ ಇದೆ. ಆದರೆ ಲೋಪದಿಂದ ಅರ್ಥ ಕೆಡುವಲ್ಲಿ ಆಗಮ ಬೇಕೆಂಬುದು ವ್ಯಾಕರಣದ ವಿಧಿ. ಆ ನಡುವಣ ಅಕ್ಷರವು ಯಂತ್ರವಲ್ಲ, ಶಿಕ್ಷಕ. ಅವನು ಬಂದಲ್ಲಿ ‘ಮನೆಯಲ್ಲಿ’ ಎಂಬ ಪದಕ್ಕೆ ಅರ್ಥವಿರುವಂತೆ ಮನೆಯಲ್ಲಿ ನಡೆದ ಕಲಿಕೆಗೂ ಅರ್ಥವಿರುತ್ತದೆ.