ಪಾಟೀಸವಾಲಿಗೆ ಹೆದರುವವರಿಗೆ

ಅಪಘಾತ ಕಣ್ಣಾರೆ ಕಂಡಿದ್ದೀರಿ, ಈಗ ಸಮನ್ಸ್ ಬಂದಿದೆ. ಹೋಗಲೇಬೇಕು, ತಪ್ಪಿಸಿಕೊಂಡರೆ ವಾರಂಟ್ ಬರಬಹುದು.

ನಿಮ್ಮ ಭಯವೆಲ್ಲ ಪಾಟೀಸವಾಲಿನದು ಎಂದು ಬರೆದಿದ್ದೀರಿ. ಎದುರು ವಕೀಲರು ‘ಬಸ್ ಎಷ್ಟು ವೇಗದಲ್ಲಿತ್ತು?’ ಎಂದರೆ ಕಿಲೋಮೀಟರ್ ಲೆಕ್ಕ ಹೇಳಹೋಗಬೇಡಿ. ತಿಳಿಯದಿದ್ದರೆ ‘ಗೊತ್ತಿಲ್ಲ’, ಮರೆತಿದ್ದರೆ ‘ನೆನಪಿಲ್ಲ’ ಎನ್ನಿ. ಊಹೆಗಿಳಿದಿರೋ, ಅಲ್ಲೇ ಸಿಕ್ಕಿಬೀಳುತ್ತೀರಿ. ‘ನೀವು ಸ್ಥಳದಲ್ಲಿ ಇರಲೇ ಇಲ್ಲ ಎಂದರೆ ಸರಿಯೇ?’ ಎಂದೂ ಕೇಳಬಹುದು. ಸಿಟ್ಟಾಗಬೇಡಿ, ಅದು ಅವರ ಕಸುಬಿನ ರೂಢಿ. ‘ಸರಿಯಲ್ಲ’ ಎಂದರೆ ಸಾಕು. ನ್ಯಾಯಾಧೀಶರ ಕಡೆ ನೋಡಿ ನಿಧಾನವಾಗಿ ಉತ್ತರಿಸಿ, ಪಕ್ಕದಲ್ಲಿ ಕುಳಿತವರು ಅದನ್ನೆಲ್ಲ ಟೈಪ್ ಮಾಡಬೇಕಲ್ಲ!

ಅವಮಾನಿಸಲೆಂದೇ ಕೇಳುವ ಪ್ರಶ್ನೆಯನ್ನು ನ್ಯಾಯಾಲಯ ತಡೆಯಬೇಕೆಂದು 2023ರ ಭಾರತೀಯ ಸಾಕ್ಷ್ಯ ಅಧಿನಿಯಮವೇ ಹೇಳುತ್ತದೆ. ಇಂಗ್ಲಿಷಿನ ಚಿಂತೆ ಬಿಡಿ, ಕನ್ನಡದಲ್ಲೇ ಹೇಳಿ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಯನ್ನು ಬಾಯಿಪಾಠ ಮಾಡಬೇಡಿ. ಗಿಳಿಪಾಠ ವಕೀಲರಿಗೆ ಥಟ್ಟನೆ ಗೊತ್ತಾಗುತ್ತದೆ. ಕೊನೆಗೆ ನಿಮ್ಮ ಸಾಕ್ಷ್ಯವನ್ನು ಓದಿ ಹೇಳುವಾಗ ಕಿವಿಗೊಡಿ, ತಪ್ಪು ದಾಖಲಾಗಿದ್ದರೆ ಸಹಿಗೆ ಮುಂಚೆಯೇ ಹೇಳಿ. ಹೊರಡುವ ಮುನ್ನ ಸಾಕ್ಷಿಯ ಪ್ರಯಾಣ ಭತ್ಯೆಯನ್ನೂ ಸಂಕೋಚವಿಲ್ಲದೆ ವಿಚಾರಿಸಿ.